ನಿದ್ದೆಯಲ್ಲಿ ನೆತ್ತಿಗೆ ಹತ್ತಿದರೆ

(ವಿಶ್ವ ಅರಿವಳಿಕೆ ದಿನದಂದು ನರ್ಸಿಂಗ್ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರ ಮುಂದೆ ಅರಿವಳಿಕೆ ತಜ್ಞೆಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಊಟದ ನಡುವೆ ಮಾತಾಡಿದರೆ ಒಂದೊಂದು ಸಲ ನೆತ್ತಿಗೆ ಹತ್ತುತ್ತದೆ. ಕಣ್ಣಲ್ಲಿ ನೀರು ಬರುವ ತನಕ ಕೆಮ್ಮುತ್ತೇವೆ. ಪಕ್ಕದಲ್ಲಿ ಅಜ್ಜಿ ಇದ್ದರೆ ತಲೆ ತಟ್ಟಿ ‘ಯಾರೋ ನೆನೆಸ್ಕೊಂಡ್ರು ಕಣೇ’ ಅನ್ನುತ್ತಾರೆ. ಅಗುಳು ಹೋಗಿರುವುದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ. ನಮ್ಮ ಗಂಟಲಿನಲ್ಲಿ ಎರಡು ಕೊಳವೆಗಳ ಬಾಯಿ ಒಂದರ ಹಿಂದೆ ಒಂದು ಇವೆ. ಮುಂದಿನದು ಗಾಳಿಗೆ, ಹಿಂದಿನದು ಅನ್ನಕ್ಕೆ. ಅನ್ನ ತಪ್ಪಿ ಮುಂದಿನ ಬಾಗಿಲಿಗೆ ಬಂದರೆ ಧ್ವನಿತಂತುಗಳು ಟಪ್ಪನೆ ಮುಚ್ಚಿಕೊಳ್ಳುತ್ತವೆ, ಕೆಮ್ಮು ಬಂದು ಅದನ್ನು ಆಚೆ ತಳ್ಳುತ್ತದೆ. ಇಷ್ಟೂ ಕೆಲಸ ನಮ್ಮನ್ನು ಕೇಳದೆಯೇ ನಡೆದುಹೋಗುತ್ತದೆ.

ಅರಿವಳಿಕೆ ಕೊಟ್ಟಾಗ ನೋವಿನ ಜೊತೆಗೆ ಈ ಕೆಮ್ಮೂ ಹೋಗುತ್ತದೆ. ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ತಡೆಯುವವರಿಲ್ಲ. ನಾಲಿಗೆ ಸಡಿಲವಾಗಿ ಹಿಂದಕ್ಕೆ ಬೀಳುತ್ತದೆ, ಉಸಿರಿನ ದಾರಿ ಮುಚ್ಚುತ್ತದೆ. ‘ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಮಲಗಿಸಿಬಿಡ್ತಾರೆ’ ಅಂತ ಜನ ನಮ್ಮ ಕೆಲಸವನ್ನು ಹೇಳುವುದುಂಟು. ಮಲಗಿಸುವುದು ಅರ್ಧ ನಿಮಿಷದ ಕೆಲಸ. ಆಮೇಲೆ ಎಷ್ಟು ಹೊತ್ತು ಆಪರೇಷನ್ ನಡೆಯುತ್ತದೋ ಅಷ್ಟು ಹೊತ್ತು ಆ ಮನುಷ್ಯನ ಕೆಮ್ಮಿನ ಕೆಲಸವನ್ನು, ಉಸಿರಿನ ಕೆಲಸವನ್ನು ನಾವು ಮಾಡುತ್ತಿರುತ್ತೇವೆ. ಅದಕ್ಕೆ ಯಾವ ಸಾಧನ ಬಳಸಬೇಕು, ಅದರಲ್ಲೂ ಕೀಹೋಲ್ ಸರ್ಜರಿಯಲ್ಲಿ ಹೇಗೆ ಆರಿಸಬೇಕು ಅನ್ನುವುದು ಇವತ್ತಿನ ಮಾತು.

ಕೀಹೋಲ್ ಸರ್ಜರಿ, ಲ್ಯಾಪ್ರೋಸ್ಕೋಪಿ, ಉದರದರ್ಶಕ ಶಸ್ತ್ರಚಿಕಿತ್ಸೆ, ಎಲ್ಲ ಒಂದೇ. ಜರ್ಮನಿಯ ಎರಿಕ್ ಮ್ಯೂಹೆ 1985ರಲ್ಲಿ ಮೊದಲ ಬಾರಿಗೆ ಹೀಗೆ ಪಿತ್ತಕೋಶ ತೆಗೆದರು. ನಮ್ಮ ದೇಶದಲ್ಲಿ 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹೆಂಟನ್ ಉದ್ವಾಡಿಯಾ ಶುರು ಮಾಡಿದರು. ಇವತ್ತು ತಾಲ್ಲೂಕು ಕೇಂದ್ರದ ನರ್ಸಿಂಗ್ ಹೋಮಿನಲ್ಲೂ ಮಾಡುತ್ತಾರೆ. ಹೊರಗಿನಿಂದ ನೋಡಿದರೆ ಮೂರ್ನಾಲ್ಕು ಸಣ್ಣ ತೂತು, ಮಾರನೇ ದಿನ ಮನೆಗೆ. ರೋಗಿಗೆ ಇದು ಸಣ್ಣ ಆಪರೇಷನ್. ಶ್ವಾಸಕೋಶಕ್ಕೆ ಹಾಗಲ್ಲ.

ಹೊಟ್ಟೆಯೊಳಗೆ ಕ್ಯಾಮೆರಾ ಬಿಟ್ಟರೆ ಸಾಲದು, ನೋಡಲು ಜಾಗ ಬೇಕು. ಹಾಗಾಗಿ ಹೊಕ್ಕುಳಿನ ಹತ್ತಿರದಿಂದ ಇಂಗಾಲದ ಡೈಆಕ್ಸೈಡ್ ಅನಿಲ ತುಂಬಿ ಹೊಟ್ಟೆಯನ್ನು ಡೇರೆಯಂತೆ ಎತ್ತುತ್ತಾರೆ. ಆ ಅನಿಲವೇ ಯಾಕೆ? ಅದು ಹೊತ್ತಿಕೊಳ್ಳುವುದಿಲ್ಲ, ಒಳಗೆ ರಕ್ತನಾಳ ಸುಡುವ ಕರೆಂಟಿನ ಉಪಕರಣ ಬಳಸಬಹುದು. ರಕ್ತದಲ್ಲಿ ಬೇಗ ಕರಗುತ್ತದೆ, ಉಸಿರಿನಲ್ಲಿ ಆಚೆ ಹೋಗುತ್ತದೆ. ಒತ್ತಡವನ್ನು ಸಾಮಾನ್ಯವಾಗಿ ಪಾದರಸದ 12ರಿಂದ 15 ಮಿಲಿಮೀಟರಿನಲ್ಲಿ ಇಟ್ಟುಕೊಳ್ಳುತ್ತಾರೆ.

ಊಟ ಜಾಸ್ತಿಯಾದಾಗ ಏದುಸಿರು ಬಿಡುತ್ತೇವಲ್ಲ, ಅದನ್ನು ನೆನಪಿಸಿಕೊಳ್ಳಿ. ಉಬ್ಬಿದ ಹೊಟ್ಟೆ ವಪೆಯನ್ನು, ಅಂದರೆ ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆಯನ್ನು, ಮೇಲಕ್ಕೆ ಒತ್ತುತ್ತದೆ, ಶ್ವಾಸಕೋಶಕ್ಕೆ ಜಾಗ ಕಡಿಮೆ. ಗರ್ಭಕೋಶದ ಆಪರೇಷನ್ ಆದರೆ ಟೇಬಲ್ಲನ್ನು ತಲೆ ಕೆಳಗಾಗಿ ಓರೆ ಮಾಡುತ್ತಾರೆ. ಕರುಳೆಲ್ಲ ಎದೆಯ ಕಡೆ ಜಾರುತ್ತದೆ, ವಪೆಯ ಮೇಲೆ ಇನ್ನಷ್ಟು ಭಾರ. ಮೊದಲು ಹಗುರಾಗಿ ಒಳಗೆ ಹೋಗುತ್ತಿದ್ದ ಗಾಳಿಯನ್ನು ಈಗ ಒತ್ತಿ ಕಳಿಸಬೇಕು. ಇನ್ನೊಂದು ಕಡೆ, ರಕ್ತಕ್ಕೆ ಸೇರಿದ ಅನಿಲವನ್ನು ಹೊರಹಾಕಲು ಉಸಿರಾಟವನ್ನೂ ಹೆಚ್ಚಿಸಬೇಕು. ಒತ್ತಡವೂ ಬೇಕು, ಹೆಚ್ಚು ಗಾಳಿಯೂ ಬೇಕು, ಸೋರಲೂ ಬಾರದು. ಹೊಟ್ಟೆಯಲ್ಲಿ ಏನಾದರೂ ಉಳಿದಿದ್ದರೆ ಅದು ಮೇಲಕ್ಕೆ ಬರಲೂ ಬಾರದು. ಸಾಧನದ ಆಯ್ಕೆಯ ಕಷ್ಟ ಇರುವುದು ಇಲ್ಲಿ.

ನಮ್ಮ ಹತ್ತಿರ ಮುಖ್ಯವಾಗಿ ಇರುವುದು ಎರಡು ದಾರಿ. ಒಂದು, ಶ್ವಾಸನಾಳದ ಒಳಕ್ಕೇ ಇಳಿಸುವ ಟ್ಯೂಬು. ಇನ್ನೊಂದು, ಧ್ವನಿತಂತುಗಳಿರುವ ಗಂಟಲಗೂಡಿನ ಮೇಲೆ ಕೂರಿಸುವ ಮಾಸ್ಕು.

ಟ್ಯೂಬಿನ ಕಥೆ ಹಳೆಯದು. 1878ರಲ್ಲಿ ಗ್ಲಾಸ್ಗೋದ ಸರ್ಜನ್ ವಿಲಿಯಂ ಮ್ಯಾಕ್‌ಇವನ್, ಬಾಯಲ್ಲಿ ಗಡ್ಡೆಯಾಗಿದ್ದ ರೋಗಿಯೊಬ್ಬನಿಗೆ ಎಚ್ಚರವಿರುವಾಗಲೇ ಬೆರಳಲ್ಲಿ ತಡವಿ ಲೋಹದ ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ, ಆಮೇಲೆ ಕ್ಲೋರೋಫಾರ್ಮ್ ಕೊಟ್ಟರು. ಆ ರೋಗಿಯ ಧೈರ್ಯವನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಆದರೆ ಬರೀ ಕೊಳವೆ ಹಾಕಿದರೆ ಪಕ್ಕದಲ್ಲಿ ಸಂದು ಉಳಿಯುತ್ತದೆ. ಅಮೆರಿಕದಲ್ಲಿ ಆರ್ಥರ್ ಗುಡೆಲ್ ಮತ್ತು ರಾಲ್ಫ್ ವಾಟರ್ಸ್ 1928ರಲ್ಲಿ ಕೊಳವೆಯ ತುದಿಗೆ ಗಾಳಿ ತುಂಬುವ ಪಟ್ಟಿ ಸೇರಿಸಿದ ವಿಷಯ ಪ್ರಕಟಿಸಿದರು. ಅದನ್ನೇ ನಾವು ಕಫ್ ಅನ್ನುತ್ತೇವೆ. ಅದು ಎಷ್ಟು ಬಿಗಿ ಅಂತ ತೋರಿಸಲು ಗುಡೆಲ್ ತಮ್ಮ ನಾಯಿಗೆ ಅರಿವಳಿಕೆ ಕೊಟ್ಟು, ಟ್ಯೂಬ್ ಹಾಕಿ, ಸಭಿಕರೆದುರು ನೀರಿನ ತೊಟ್ಟಿಯಲ್ಲಿ ಮುಳುಗಿಸಿಟ್ಟರು. ಎಚ್ಚರಾದ ನಾಯಿ ಎದ್ದು ಮೈ ಕೊಡವಿಕೊಂಡಿತು. ಶ್ವಾಸಕೋಶಕ್ಕೆ ತೊಟ್ಟು ನೀರು ಹೋಗಿರಲಿಲ್ಲ. ನಾಯಿಯ ಹೆಸರೂ ‘ಏರ್‌ವೇ’.

ಈ ಟ್ಯೂಬನ್ನು ಹಿಂದಿನ ಸಾಲಿನವರೂ ಮುಟ್ಟಿ ನೋಡಿ. ಕಿರುಬೆರಳಿನಷ್ಟು ದಪ್ಪ ಇಲ್ಲ. ಹೆಂಗಸರಿಗೆ ಸಾಮಾನ್ಯವಾಗಿ 7 ಅಥವಾ 7.5, ಗಂಡಸರಿಗೆ 8ರ ಆಸುಪಾಸು. ಒಳ ವ್ಯಾಸದ ಮಿಲಿಮೀಟರ್ ಲೆಕ್ಕ ಅದು. ಸಿರಿಂಜಿನಲ್ಲಿ ಗಾಳಿ ಹಾಕಿದಾಗ ತುದಿ ಹೇಗೆ ಉಬ್ಬಿತು ನೋಡಿದಿರಲ್ಲ? ಶ್ವಾಸನಾಳದೊಳಗೆ ಅದು ಸುತ್ತಲೂ ಅಂಟಿಕೊಳ್ಳುತ್ತದೆ. ಹೊಟ್ಟೆಯಿಂದ ಏನೇ ಬಂದರೂ ಕಫ್ ದಾಟಿ ಶ್ವಾಸಕೋಶಕ್ಕೆ ಇಳಿಯುವುದು ಕಷ್ಟ, ಒತ್ತಡ ಹೆಚ್ಚಿಸಿದರೂ ಗಾಳಿ ಸುಲಭಕ್ಕೆ ಹಿಂದಕ್ಕೆ ಸೋರುವುದಿಲ್ಲ. ಲ್ಯಾಪ್ರೋಸ್ಕೋಪಿಗೆ ಟ್ಯೂಬೇ ಬೇಕು ಅಂತ ನಮಗೆ ಪಾಠ ಹೇಳಿದ ಗುರುಗಳು ಪಟ್ಟು ಹಿಡಿಯುತ್ತಿದ್ದದ್ದು ಇದಕ್ಕೇ.

ಟ್ಯೂಬಿಗೂ ಬೆಲೆ ತೆರಬೇಕು. ಅದನ್ನು ಹಾಕಲು ಗಂಟಲೊಳಗೆ ನೋಡುವ ದೀಪದ ಸಾಧನ ಲಾರಿಂಗೋಸ್ಕೋಪ್ ಇಟ್ಟು ನಾಲಿಗೆ ಎತ್ತಿದಾಗ ಬಿಪಿ, ನಾಡಿ ಎರಡೂ ಏರುತ್ತವೆ. ಹೃದಯ ಗಟ್ಟಿ ಇರುವವರಿಗೆ ಏನೂ ಆಗದು, ಇಲ್ಲದವರಿಗೆ ಅದೇ ದೊಡ್ಡದು. ಸ್ನಾಯುಗಳನ್ನು ಸಡಿಲಿಸುವ ಔಷಧಿ ಬೇಕು. ಎಚ್ಚರಾಗುವಾಗ ಕೆಮ್ಮು, ಎರಡು ದಿನ ಗಂಟಲು ನೋವು, ಕೆಲವರಿಗೆ ದನಿ ಒಡೆಯುತ್ತದೆ. ಸಂಗೀತದ ಮೇಷ್ಟ್ರೊಬ್ಬರು ಹರ್ನಿಯಾ ಆಪರೇಷನ್ನಿಗೆ ಬಂದಾಗ, ಹೊಟ್ಟೆಯ ಬಗ್ಗೆ ಒಂದು ಮಾತೂ ಕೇಳದೆ, ‘ನನ್ನ ಶಾರೀರಕ್ಕೆ ಏನೂ ಆಗಲ್ಲ ತಾನೇ ಅಮ್ಮ?’ ಅಂತ ಮೂರು ಸಲ ಕೇಳಿದ್ದರು. ಅವರಿಗೆ ಅದು ಗಂಟಲು ನೋವಿನ ಪ್ರಶ್ನೆಯಲ್ಲ, ಅನ್ನದ ಪ್ರಶ್ನೆ.

ವಿದ್ಯಾರ್ಥಿಗಳಿಗೆ ಒಂದು ಮಾತು. ಟ್ಯೂಬ್ ಸರಿಯಾಗಿ ಕೂತಿದೆ, ಪ್ಲಾಸ್ಟರ್ ಹಾಕಿ ಬಿಗಿದಿದ್ದೀರಿ, ಯಾರೂ ಮುಟ್ಟಿಲ್ಲ. ಹೊಟ್ಟೆಗೆ ಗ್ಯಾಸ್ ತುಂಬಿ, ತಲೆ ಕೆಳಗೆ ಮಾಡಿದ ಮೇಲೆ ಸ್ಯಾಚುರೇಷನ್, ಅಂದರೆ ರಕ್ತದಲ್ಲಿನ ಆಕ್ಸಿಜನ್ನಿನ ಶೇಕಡಾ ಲೆಕ್ಕ, 99ರಿಂದ ನಿಧಾನ 94ಕ್ಕೆ ಇಳಿಯಿತು ಅಂದುಕೊಳ್ಳಿ. ಏನಾಗಿರಬಹುದು? ಟ್ಯೂಬ್ ಅಲ್ಲೇ ಇದೆ, ಶ್ವಾಸನಾಳ ಕವಲೊಡೆಯುವ ಜಾಗವೇ ವಪೆಯ ಜೊತೆಗೆ ಮೇಲಕ್ಕೆ ಬಂದಿದೆ! ಟ್ಯೂಬಿನ ತುದಿ ಬಲಗಡೆಯ ಕವಲಿಗೆ ಸೇರಿಕೊಂಡಿದೆ, ಎಡ ಶ್ವಾಸಕೋಶಕ್ಕೆ ಗಾಳಿಯೇ ಇಲ್ಲ. ಸ್ಟೆತ್ ಇಟ್ಟು ಎಡ ಎದೆ ಕೇಳಿ, ಒಂದೆರಡು ಸೆಂಟಿಮೀಟರ್ ಹಿಂದಕ್ಕೆ ಎಳೆದರೆ ಸರಿಹೋಗುತ್ತದೆ. ಟೇಬಲ್ ಓರೆ ಮಾಡಿದಾಗಲೆಲ್ಲ ಎದೆ ಕೇಳುವ ಅಭ್ಯಾಸ ಇಟ್ಟುಕೊಳ್ಳಿ.

ಇನ್ನು ಮಾಸ್ಕು. ಇದು ಆರ್ಚಿ ಬ್ರೇನ್ ಎಂಬ ಬ್ರಿಟಿಷ್ ಅರಿವಳಿಕೆ ತಜ್ಞರ ತಲೆಯಿಂದ ಬಂದದ್ದು. ಹಲ್ಲಿನ ಚಿಕಿತ್ಸೆಯಲ್ಲಿ ಮೂಗಿನ ಮೇಲೆ ಇಡುತ್ತಿದ್ದ ರಬ್ಬರಿನ ಮಾಸ್ಕು ಅವರ ಕೈಯಲ್ಲಿತ್ತು. ಇದನ್ನೇ ಗಂಟಲೊಳಗೆ ಇಳಿಸಿ ಶ್ವಾಸನಾಳದ ಬಾಯಿಗೆ ಮುಚ್ಚಿದರೆ ಹೇಗೆ ಅಂತ ಯೋಚಿಸಿದರು. ಮೃತದೇಹಗಳ ಗಂಟಲಿನ ಅಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು ಆಕಾರ ಅಧ್ಯಯನ ಮಾಡಿದರು, ಕೈಯಾರೆ ಅಂಟಿಸಿ ಒಂದಾದ ಮೇಲೊಂದು ಮಾದರಿ ಮಾಡಿದರು. 1981ರಲ್ಲಿ ಮೊದಲು ಬಳಸಿದರು, 1983ರಲ್ಲಿ ಬರೆದರು, 1988ರಲ್ಲಿ ಅದು ಮಾರುಕಟ್ಟೆಗೆ ಬಂತು. ಎಲ್‌ಎಂಎ, ಅಂದರೆ ಲಾರಿಂಜಿಯಲ್ ಮಾಸ್ಕ್ ಏರ್‌ವೇ, ಅಂತ ನಾವು ಕರೆಯುವುದು ಇದನ್ನೇ. ಲಾರಿಂಗೋಸ್ಕೋಪ್ ಬೇಡ, ಧ್ವನಿತಂತುಗಳ ನಡುವೆ ತೂರಿಸುವುದು ಬೇಡ, ಅಂಗುಳಿಗೆ ಒತ್ತಿ ಜಾರಿಸಿದರೆ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಬಿಪಿ ಅಷ್ಟು ಏರುವುದಿಲ್ಲ, ಎಚ್ಚರಾಗುವಾಗ ಕೆಮ್ಮು ಕಡಿಮೆ.

ಮೊದಲ ತಲೆಮಾರಿನ ಮಾಸ್ಕಿಗೆ ಎರಡು ಕೊರತೆ. ನೀರಿನ 20 ಸೆಂಟಿಮೀಟರ್ ಒತ್ತಡದ ಆಸುಪಾಸಿಗೆ ಪಕ್ಕದಿಂದ ಗಾಳಿ ಸೋರುತ್ತದೆ. ಎರಡನೆಯದು, ಹೊಟ್ಟೆಯಿಂದ ಬಂದದ್ದಕ್ಕೆ ಹೋಗಲು ಬೇರೆ ದಾರಿಯಿಲ್ಲ. ಮಾಸ್ಕಿನ ಬಟ್ಟಲಲ್ಲೇ ನಿಂತರೆ ಮುಂದಿನ ಉಸಿರಿಗೆ ಒಳಗೆ ಹೋಗುತ್ತದೆ. ಬ್ರೇನ್ ಸುಮ್ಮನೆ ಕೂರಲಿಲ್ಲ. 2000ದಲ್ಲಿ ಬಂದ ಪ್ರೋಸೀಲ್ ಎಂಬ ಎರಡನೇ ತಲೆಮಾರಿನ ಮಾಸ್ಕಿನಲ್ಲಿ ಗಾಳಿಯ ಕೊಳವೆಯ ಪಕ್ಕದಲ್ಲೇ ಇನ್ನೊಂದು ಸಣ್ಣ ಕೊಳವೆ ಇಟ್ಟರು. ಅದರ ತುದಿ ಅನ್ನನಾಳದ ಬಾಯಿಗೆ ಹೋಗಿ ಕೂರುತ್ತದೆ. ಸೋರದೆ ತಡೆಯುವ ಒತ್ತಡವೂ 30ರ ಹತ್ತಿರಕ್ಕೆ ಹೋಯಿತು. ಆಮೇಲೆ 2007ರಲ್ಲಿ ಬಂದದ್ದು ಐ-ಜೆಲ್. ಈಗ ನಮ್ಮ ಆಸ್ಪತ್ರೆಗಳಲ್ಲಿ ನೀವು ಹೆಚ್ಚು ನೋಡುವುದು ಇದನ್ನು. ಗಾಳಿ ತುಂಬುವ ಗೋಜಿಲ್ಲ, ಮೆತ್ತಗಿನ ಜೆಲ್ ವಸ್ತುವೇ ಗಂಟಲಿನ ಆಕಾರಕ್ಕೆ ಹೊಂದಿಕೊಳ್ಳುತ್ತದೆ. ಅದರ ಪಕ್ಕದಲ್ಲೂ ಹೊಟ್ಟೆಗೆ ದಾರಿ ಇದೆ, ಜಠರ ಖಾಲಿ ಮಾಡುವ ತೆಳು ನಳಿಕೆ ರೈಲ್ಸ್ ಟ್ಯೂಬ್ ಇಳಿಸಬಹುದು.

ಹಾಗಾದರೆ ಇದನ್ನು ಕೀಹೋಲ್ ಸರ್ಜರಿಗೆ ಬಳಸಬಹುದೇ? ಈ ಪ್ರಶ್ನೆಗೆ ನಮ್ಮ ತಜ್ಞರ ಸಮ್ಮೇಳನಗಳಲ್ಲಿ ದನಿ ಏರಿಸಿ ವಾದ ಮಾಡುವವರನ್ನು ನೋಡಿದ್ದೇನೆ. 2002ರಲ್ಲಿ ಕೆನಡಾದಲ್ಲಿ ಪಿತ್ತಕೋಶದ ಆಪರೇಷನ್ನಿನಲ್ಲಿ ಪ್ರೋಸೀಲ್ ಮಾಸ್ಕನ್ನೂ ಟ್ಯೂಬನ್ನೂ ಹೋಲಿಸಿ ನೋಡಿದರು. ದಪ್ಪ ಇಲ್ಲದವರಲ್ಲಿ ಎರಡೂ ಸರಿಯಾಗಿ ಕೆಲಸ ಮಾಡಿದವು. ಬೊಜ್ಜು ಇದ್ದ ಕೆಲವರಲ್ಲಿ ಮಾಸ್ಕು ತೆಗೆದು ಟ್ಯೂಬ್ ಹಾಕಬೇಕಾಯಿತು. ಹೊಟ್ಟೆಗೆ ಗ್ಯಾಸ್ ತುಂಬಿದಾಗ ಅನ್ನನಾಳದ ಕೆಳತುದಿಯನ್ನು ಮುಚ್ಚುವ ಸ್ನಾಯುವಿನ ಬಿಗಿಯೂ ಜೊತೆಗೇ ಏರುತ್ತದೆ, ಖಾಲಿ ಹೊಟ್ಟೆಯವರಲ್ಲಿ ಅದು ಕಾಯುತ್ತದೆ. ಹಾಗಾಗಿ ‘ಮಾಸ್ಕ್ ಹಾಕಿದರೆ ಅಪಾಯವೇ’ ಅನ್ನುವುದು ಸರಿಯಲ್ಲ.

ಇನ್ನೊಂದು ಕಡೆಯ ಸತ್ಯವೂ ಇದೆ. ಬ್ರಿಟನ್ನಿನಲ್ಲಿ ಇಡೀ ದೇಶದ ಆಸ್ಪತ್ರೆಗಳಲ್ಲಿ ಉಸಿರಿನ ದಾರಿಗೆ ಸಂಬಂಧಿಸಿ ಆದ ದೊಡ್ಡ ಅನಾಹುತಗಳನ್ನೆಲ್ಲ ಒಂದು ವರ್ಷ ಲೆಕ್ಕವಿಟ್ಟು 2011ರಲ್ಲಿ ವರದಿ ಪ್ರಕಟಿಸಿದರು. ನ್ಯಾಪ್-4 ಅಂತ ಅದರ ಹೆಸರು. ಅರಿವಳಿಕೆಯ ಹೊತ್ತಿನ ಸಾವುಗಳಿಗೆ ಅತಿ ಹೆಚ್ಚು ಕಾರಣವಾಗಿದ್ದದ್ದು ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ಇಳಿದದ್ದು. ಅಂಥವರಲ್ಲಿ ಎಷ್ಟೋ ಜನಕ್ಕೆ ಮಾಸ್ಕು ಹಾಕಲೇಬಾರದಿತ್ತು. ಮಾಸ್ಕಿನ ದೋಷಕ್ಕಿಂತ ಆರಿಸಿದವರ ಅಂದಾಜು ತಪ್ಪಿತ್ತು. ಆ ವರದಿ ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ಯಾಕೆಂದರೆ ಅಂಥ ಒಂದು ಬೆಳಗ್ಗೆ ನನ್ನ ಜೀವನದಲ್ಲೂ ಬಂದು ಹೋಗಿತ್ತು.

ಸುಮಾರು ನಲವತ್ತರ ಹೆಂಗಸು. ಪಿತ್ತಕೋಶದಲ್ಲಿ ಕಲ್ಲು. ತೆಳ್ಳಗಿನ ಮೈಕಟ್ಟು, ಶುಗರ್ ಇಲ್ಲ, ಬಿಪಿ ಇಲ್ಲ, ಎದೆಯುರಿಯೂ ಇಲ್ಲ. ಅದೇ ದಿನ ಬೆಳಗ್ಗೆ ಬಂದು ಅಡ್ಮಿಟ್ ಆಗಿದ್ದರು. ಥಿಯೇಟರ್ ಬಾಗಿಲಲ್ಲಿ ಟ್ರಾಲಿ ನಿಲ್ಲಿಸಿ ಕೇಳಿದೆ: ‘ಏನೂ ತಿಂದಿಲ್ಲ ಅಲ್ವಾ?’ ಅವರು ತಲೆ ಆಡಿಸಿದರು, ‘ಇಲ್ಲ ಮೇಡಂ.’ ಮಾಸ್ಕಿಗೆ ಇದಕ್ಕಿಂತ ಒಳ್ಳೆಯ ರೋಗಿ ಇಲ್ಲ ಅಂದುಕೊಂಡು, ಹೊಟ್ಟೆಯ ದಾರಿ ಇರುವ ಎರಡನೇ ತಲೆಮಾರಿನ ಮಾಸ್ಕು ಹಾಕಿದೆ. ಚೆನ್ನಾಗಿ ಕೂತಿತು. ಗ್ಯಾಸ್ ತುಂಬಿ ಹತ್ತು ನಿಮಿಷ ಆಗಿರಬೇಕು. ಪಕ್ಕದ ಸಣ್ಣ ಕೊಳವೆಯ ಬಾಯಲ್ಲಿ ಏನೋ ಮಿಣುಗಿತು. ಬಗ್ಗಿ ನೋಡಿದರೆ ಕಾಫಿ ಬಣ್ಣದ ನೀರು, ಅದರಲ್ಲಿ ಬೆಳ್ಳಗಿನ ಚೂರುಗಳು. ಇಡ್ಲಿ.

‘ಗ್ಯಾಸ್ ಬಿಡಿ ಸಾರ್, ಟೇಬಲ್ ತಲೆ ಕೆಳಗೆ ಮಾಡಿ’ ಅಂದೆ. ನನ್ನ ದನಿ ಕೇಳಿ ಸರ್ಜನ್ ಒಂದು ಪ್ರಶ್ನೆ ಕೂಡ ಕೇಳಲಿಲ್ಲ, ವಾಲ್ವ್ ತೆಗೆದರು. ಇಂಥ ಹೊತ್ತಲ್ಲಿ ಗಾಬರಿಗೆ ಮಾಸ್ಕನ್ನು ಕಿತ್ತು ತೆಗೆಯಬಾರದು, ಅದು ಕಾಯುತ್ತಿರುತ್ತದೆ. ಪೂರ್ತಿ ಆಕ್ಸಿಜನ್ ಕೊಟ್ಟೆ, ಆ ಕೊಳವೆಯಿಂದಲೇ ಹೀರುವ ಸಕ್ಷನ್ ನಳಿಕೆ ಇಳಿಸಿ ಹೊಟ್ಟೆ ಖಾಲಿ ಮಾಡಿದೆ, ಆಮೇಲೆ ಸ್ನಾಯು ಸಡಿಲಿಸಿ ಟ್ಯೂಬ್ ಹಾಕಿದೆ. ಟ್ಯೂಬಿನೊಳಗೆ ಸಕ್ಷನ್ ಬಿಟ್ಟಾಗ ಏನೂ ಬರಲಿಲ್ಲ. ಸಿಸ್ಟರ್ ನನ್ನ ಹಣೆ ಒರೆಸಿದಾಗಲೇ ನಾನು ಬೆವತಿದ್ದು ನನಗೆ ಗೊತ್ತಾದದ್ದು. ಆಪರೇಷನ್ ಮುಗಿಯಿತು. ಎಕ್ಸ್‌ರೇಯಲ್ಲಿ ಶ್ವಾಸಕೋಶ ಸ್ವಚ್ಛವಾಗಿತ್ತು.

ಸಂಜೆ ಅವರ ಹಾಸಿಗೆ ಹತ್ತಿರ ಹೋಗಿ ಕೂತೆ. ಬೈಯಲಲ್ಲ, ಕೇಳಲು. ಊರಿನಿಂದ ಮೊದಲ ಬಸ್ಸಿಗೆ ಹೊರಟಿದ್ದಾರೆ, ಬಸ್‌ಸ್ಟ್ಯಾಂಡಿನಲ್ಲಿ ಎರಡು ಇಡ್ಲಿ, ಒಂದು ಕಾಫಿ. ‘ಮತ್ತೆ ಯಾಕಮ್ಮ ಇಲ್ಲ ಅಂದ್ರಿ?’ ಅಂದೆ. ‘ಊಟ ಮಾಡ್ಬಾರ್ದು ಅಂದಿದ್ರು ಮೇಡಂ. ನಾನು ಊಟ ಮಾಡಿರ್ಲಿಲ್ಲ, ತಿಂಡಿ ಅಷ್ಟೇ. ಆಮೇಲೆ ಇಲ್ಲಿ ಬಂದ ಮೇಲೆ ಗೊತ್ತಾಯ್ತು. ಹೇಳಿದ್ರೆ ಮುಂದಕ್ಕೆ ಹಾಕ್ತೀರಿ. ಯಜಮಾನ್ರಿಗೆ ರಜ ಸಿಗಲ್ಲ.’

ಅವರದು ಬರೀ ಸುಳ್ಳಲ್ಲ. ನಮ್ಮ ಭಾಷೆಯಲ್ಲಿ ಊಟ ಬೇರೆ, ತಿಂಡಿ ಬೇರೆ. ಅನ್ನ ಅಥವಾ ಮುದ್ದೆ ತಟ್ಟೆಗೆ ಬಿದ್ದರೆ ಮಾತ್ರ ಅದು ಊಟ. ಕಾಫಿಯಂತೂ ಲೆಕ್ಕಕ್ಕೇ ಇಲ್ಲ. ಎಲೆಅಡಿಕೆ ತಿನ್ನುವುದಲ್ಲ, ಹಾಕಿಕೊಳ್ಳುವುದು. ದೇವಸ್ಥಾನದ ಪ್ರಸಾದವನ್ನು ತಿಂದೆ ಅಂತ ಯಾರೂ ಹೇಳುವುದಿಲ್ಲ. ನನ್ನ ಪ್ರಶ್ನೆಯಲ್ಲೇ ಉತ್ತರ ಇತ್ತು. ‘ಏನೂ ತಿಂದಿಲ್ಲ ಅಲ್ವಾ’ ಅಂತ ಕೇಳಿದರೆ ಹೂಂಗುಟ್ಟದೆ ಇನ್ನೇನು ಮಾಡುತ್ತಾರೆ? ಅದೂ ಥಿಯೇಟರ್ ಬಾಗಿಲಲ್ಲಿ, ಹಸಿರು ಬಟ್ಟೆ ಹಾಕಿದ ನಾಲ್ಕು ಜನ ಸುತ್ತ ನಿಂತಿರುವಾಗ. ಅವತ್ತಿನಿಂದ ನಾನು ಕೇಳುವುದು ಹೀಗೆ: ‘ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ, ಎಷ್ಟು ಹೊತ್ತಿಗೆ? ಬೆಳಗ್ಗೆ ಎದ್ದ ಮೇಲೆ ಬಾಯಿಗೆ ಏನೇನು ಹಾಕ್ಕೊಂಡ್ರಿ? ಕಾಫಿ? ಎಲೆಅಡಿಕೆ? ಪ್ರಸಾದ? ಹೇಳಿ, ಆಪರೇಷನ್ ರದ್ದು ಮಾಡಲ್ಲ, ಹೊತ್ತು ಮುಂದಕ್ಕೆ ಹಾಕ್ತೀನಿ ಅಷ್ಟೇ.’ ಸಿಸ್ಟರ್ ಆಗಲಿರುವ ನೀವೆಲ್ಲ ಈ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ವಾರ್ಡಿನಲ್ಲಿ ನಿಮಗೆ ಹೇಳುವ ನಿಜವನ್ನು ಅವರು ನಮಗೆ ಹೇಳುವುದಿಲ್ಲ.

ಘನ ಆಹಾರಕ್ಕೆ ಕನಿಷ್ಠ 6 ಗಂಟೆ ಅಂತರ ಬೇಕು, ಎಣ್ಣೆ-ಮಾಂಸದ ಊಟಕ್ಕೆ 8. ಹಾಲು, ಹಾಲು ಹಾಕಿದ ಕಾಫಿ ಕೂಡ 6 ಗಂಟೆಯ ಲೆಕ್ಕದಲ್ಲೇ. ಬರೀ ನೀರನ್ನು 2 ಗಂಟೆ ಮುಂಚಿನವರೆಗೂ ಕುಡಿಯಬಹುದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಎಷ್ಟೋ ವಾರ್ಡುಗಳಲ್ಲಿ ‘ರಾತ್ರಿ ಹತ್ತರ ಮೇಲೆ ತೊಟ್ಟು ನೀರೂ ಬೇಡ’ ಅಂತ ಒಂದೇ ಮಾತಲ್ಲಿ ಹೇಳಿಬಿಡುತ್ತಾರೆ. ಪಟ್ಟಿಯಲ್ಲಿ ಐದನೆಯವರಾದ ಅಜ್ಜಿ ಮಧ್ಯಾಹ್ನ ಮೂರರ ತನಕ ನಾಲಿಗೆ ಒಣಗಿಸಿಕೊಂಡು ಮಲಗಿರುತ್ತಾರೆ. ಇದು ಸುರಕ್ಷತೆಯಲ್ಲ, ಹಿಂಸೆ. ಅಷ್ಟು ಬಾಯಾರಿದವರು ಕದ್ದು ಕುಡಿಯುತ್ತಾರೆ, ಕುಡಿದದ್ದನ್ನು ಮುಚ್ಚಿಡುತ್ತಾರೆ.

ಗಂಟೆ ಸರಿಯಿದ್ದರೂ ಹೊಟ್ಟೆ ಖಾಲಿ ಇರದವರೂ ಇದ್ದಾರೆ. ಬಹಳ ವರ್ಷದಿಂದ ಶುಗರ್ ಇರುವವರ ಜಠರ ನಿಧಾನ. ಹೆರಿಗೆ ನೋವು ಶುರುವಾದ ಗರ್ಭಿಣಿಯರದೂ, ಅಪೆಂಡಿಕ್ಸ್ ಊದಿ ನೋವಿನಲ್ಲಿ ಬಂದವರದೂ ಹಾಗೇ. ಮಲಗಿದರೆ ಹುಳಿ ತೇಗು ಬಾಯಿಗೆ ಬರುತ್ತದೆ ಅನ್ನುವವರು ಇನ್ನೊಂದು ಗುಂಪು. ಈಚೆಗೆ ತೂಕ ಇಳಿಸಲು, ಶುಗರಿಗೆ ಅಂತ ವಾರಕ್ಕೊಂದು ಚುಚ್ಚುಮದ್ದು ತೆಗೆದುಕೊಳ್ಳುವವರು ಹೆಚ್ಚಾಗಿದ್ದಾರೆ, ಸೆಮಾಗ್ಲುಟೈಡ್‌ನಂಥವು. ಅವು ಜಠರವನ್ನೂ ನಿಧಾನ ಮಾಡುತ್ತವೆ. ಪಾರ್ಟಿಯಲ್ಲಿ ಗೆಳತಿಗೆ ಹೇಳುವ ಈ ವಿಷಯವನ್ನು ಡಾಕ್ಟರಿಗೆ ಹೇಳಲು ನಾಚುತ್ತಾರೆ. ದಯವಿಟ್ಟು ಹೇಳಿ. ಇವರೆಲ್ಲರಿಗೂ ನನ್ನ ಕೈ ಹೋಗುವುದು ಟ್ಯೂಬಿಗೇ. ಬೊಜ್ಜು ಇರುವವರು, ತಲೆ ಕಡಿದಾಗಿ ಕೆಳಗೆ ಮಾಡುವ ಆಪರೇಷನ್, ಗಂಟೆಗಟ್ಟಲೆ ಹಿಡಿಯುವಂಥದ್ದು, ಇವಕ್ಕೂ ಟ್ಯೂಬೇ.

ಮಾಸ್ಕು ಯಾರಿಗೆ? ಮೊದಲೇ ಗೊತ್ತುಪಡಿಸಿದ, ಸಣ್ಣ ಹೊತ್ತಿನ ಆಪರೇಷನ್, ನಿಜವಾಗಿ ಖಾಲಿಯಿರುವ ಹೊಟ್ಟೆ, ಹದವಾದ ಮೈತೂಕ. ಅದೂ ಎರಡನೇ ತಲೆಮಾರಿನ ಮಾಸ್ಕು ಮಾತ್ರ. ಹಾಕಿದ ಮೇಲೆ ಪರೀಕ್ಷೆ ಇದೆ. ವಾಲ್ವ್ ಬಿಗಿದು ಒತ್ತಡ ಏರಿಸಿ, ರೋಗಿಯ ಬಾಯಿಯ ಹತ್ತಿರ ಕಿವಿ ಇಡಿ. 25ರ ತನಕ ‘ಸ್ಸ್’ ಅಂತ ಸದ್ದು ಬರಬಾರದು. ಹೊಟ್ಟೆಯ ಕೊಳವೆಯ ಬಾಯಿಗೆ ಒಂದು ಚೂರು ಜೆಲ್ಲಿ ಹಚ್ಚಿ ಉಸಿರು ಕೊಡಿ. ಅಲ್ಲಿ ಗುಳ್ಳೆ ಎದ್ದರೆ ಮಾಸ್ಕು ಸರಿಯಾಗಿ ಕೂತಿಲ್ಲ. ರೈಲ್ಸ್ ಟ್ಯೂಬ್ ಸಲೀಸಾಗಿ ಇಳಿಯಬೇಕು. ಮೂರರಲ್ಲಿ ಒಂದು ತಪ್ಪಿದರೂ, ಗ್ಯಾಸ್ ತುಂಬುವ ಮೊದಲೇ, ಟ್ಯೂಬಿಗೆ ಬದಲಿಸಿ. ಸರ್ಜನ್ ಕೈಗವಸು ಹಾಕಿ ಕಾಯುತ್ತಿದ್ದಾರೆ ಅಂತ ಅವಸರ ಮಾಡಬೇಡಿ.

ಹಾಗಾಗಿ ಮಾಸ್ಕು ಹಾಕುವ ದಿನವೂ ಟ್ಯೂಬ್ ಹಾಕಲು ಆಗುತ್ತದೆಯೇ ಅಂತ ಮೊದಲೇ ನೋಡಿರಬೇಕು. ‘ಬಾಯಿ ಅಗಲಿಸಿ, ನಾಲಿಗೆ ಚಾಚಿ’ ಅಂತ ನಾವು ಬಾಯಿ ನೋಡುತ್ತೇವಲ್ಲ, ಆ ಪರೀಕ್ಷೆಗೆ ಜಗತ್ತಿನಾದ್ಯಂತ ಮಲ್ಲಂಪಾಟಿ ಅಂತ ಹೆಸರು. ನಮ್ಮ ಪಕ್ಕದ ಆಂಧ್ರದಿಂದ ಹೋಗಿ ಬಾಸ್ಟನ್ನಿನಲ್ಲಿ ಕೆಲಸ ಮಾಡಿದ ಡಾ. ಶೇಷಗಿರಿ ರಾವ್ ಮಲ್ಲಂಪಾಟಿ 1985ರಲ್ಲಿ ಬರೆದದ್ದು. ಕಿರುನಾಲಿಗೆ ಪೂರ್ತಿ ಕಂಡರೆ ಟ್ಯೂಬ್ ಸಾಮಾನ್ಯವಾಗಿ ಸುಲಭ, ಮೇಲಂಗುಳು ಬಿಟ್ಟು ಏನೂ ಕಾಣದಿದ್ದರೆ ಕಷ್ಟವಾಗಬಹುದು. ಕಾಸು ಖರ್ಚಿಲ್ಲದ ಪರೀಕ್ಷೆ.

ಖರ್ಚಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ಟ್ಯೂಬೋ ಮಾಸ್ಕೋ, ಸರಿಯಾದ ಜಾಗದಲ್ಲಿದೆ ಅಂತ ಖಚಿತವಾಗಿ ಹೇಳುವುದು ಕ್ಯಾಪ್ನೋಗ್ರಾಫ್. ಪ್ರತಿ ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡನ್ನು ಅಳೆದು ಪರದೆಯ ಮೇಲೆ ಅಲೆಯಾಗಿ ತೋರಿಸುತ್ತದೆ. ಟ್ಯೂಬ್ ತಪ್ಪಿ ಅನ್ನನಾಳಕ್ಕೆ ಹೋಗಿದ್ದರೆ ಅಲೆ ಉಳಿಯುವುದಿಲ್ಲ, ಗೆರೆ ಚಪ್ಪಟೆಯಾಗುತ್ತದೆ. ಹೊಟ್ಟೆಗೆ ಅದೇ ಅನಿಲ ತುಂಬುವ ಆಪರೇಷನ್ನಿಗೆ ಈ ಯಂತ್ರವಿಲ್ಲದೆ ಕೂರುವುದು ಕಣ್ಣು ಕಟ್ಟಿಕೊಂಡು ಬಸ್ ಓಡಿಸಿದ ಹಾಗೆ. ಲಕ್ಷಗಟ್ಟಲೆ ಕೊಟ್ಟು ಕ್ಯಾಮೆರಾ ತರುವ ಕಡೆ ಇದನ್ನೂ ತರಬೇಕು ಅಂತ ಕೇಳುವ ಹಕ್ಕು ನಿಮಗಿದೆ.

ಕೊನೆಗೆ ಒಬ್ಬ ವಿದ್ಯಾರ್ಥಿನಿ ಮೊದಲೇ ಚೀಟಿ ಬರೆದು ಕೇಳಿದ ಪ್ರಶ್ನೆ: ಇದನ್ನೆಲ್ಲ ಯಾವಾಗ ತೆಗೆಯುತ್ತೀರಿ? ಹಾಕುವಷ್ಟೇ ಎಚ್ಚರ ತೆಗೆಯುವಾಗಲೂ ಬೇಕಮ್ಮ. ಹೊಟ್ಟೆಯ ಗ್ಯಾಸ್ ಪೂರ್ತಿ ಬಿಟ್ಟಿರಬೇಕು, ಸ್ನಾಯುಗಳ ಬಲ ಮರಳಿರಬೇಕು, ಬಾಯಿಯನ್ನು ಸಕ್ಷನ್ ಮಾಡಿರಬೇಕು. ಕಣ್ಣು ಬಿಡಿ ಅಂದರೆ ಬಿಡಬೇಕು, ಕೈ ಹಿಸುಕಿ ಅಂದರೆ ಹಿಸುಕಬೇಕು. ಆ ಇಡ್ಲಿ ತಿಂದ ಅಮ್ಮ ಅವತ್ತು ಕಣ್ಣು ಬಿಟ್ಟು, ನನ್ನ ಎರಡು ಬೆರಳನ್ನು ನೋಯುವಷ್ಟು ಹಿಸುಕಿದರು. ಟ್ಯೂಬ್ ತೆಗೆದೆ. ತಲೆ ಎತ್ತಿ ಜೋರಾಗಿ ಎರಡು ಸಲ ಕೆಮ್ಮಿದರು. ಸಿಸ್ಟರ್ ಅವರ ನೆತ್ತಿ ಮೆಲ್ಲಗೆ ತಟ್ಟಿ, ‘ಯಾರೋ ನೆನೆಸ್ಕೊಂಡ್ರು ಅಕ್ಕ’ ಅಂದರು.